ಒಂದು ಮೊಳ ದೂರದ ಕರು

ಹೊಳೆಯ ದಂಡೆಯ ಆಶ್ರಮದಲ್ಲಿ ಆ ದಿನ ಕರು ಒಂದೂ ಇರಲಿಲ್ಲ. ಇದ್ದ ಒಂದೇ ಕರುವನ್ನು ಹದಿಮೂರು ದಿನಗಳ ಹಿಂದೆ ಅಲ್ಲಿನ ಗುರು ನೀಲಗಂಗಕ್ಕ ತಾವೇ ನಿಂತು ಬೇವಿನ ಮರದಡಿ ಮಣ್ಣು ಮಾಡಿಸಿದ್ದರು. ಮರುದಿನವೇ ಅವರು ಪ್ರವಚನಕ್ಕೆಂದು ಆಚೆ ದಡದ ಊರಿಗೆ ಹೋಗಿದ್ದರು.

ಆದರೂ, ದೋಣಿಯಿಂದ ಇಳಿದು ಮೆಟ್ಟಿಲು ಹತ್ತುತ್ತಿದ್ದ ಅಕ್ಕನ ಕಿವಿಗೆ ಕರುವಿನ ಕೂಗು ಬಿತ್ತು.

ಅಕ್ಕ ನಿಂತರು. ಮತ್ತೆ ಕೂಗಿತು. ಅದೇ ಕೂಗು, ಅಷ್ಟೇ ಉದ್ದ, ಕೊನೆಯಲ್ಲಿ ಅದೇ ಬಿರುಕು.

“ಯಾರ ಕರು ಅದು?”

ಎದುರುಗೊಳ್ಳಲು ಬಂದಿದ್ದ ಆಶ್ರಮದ ಕಾರ್ಯದರ್ಶಿ ಬಸವಂತಯ್ಯ ಮುಗುಳ್ನಕ್ಕರು. “ನೀವೇ ಬಂದು ನೋಡಿ, ಅಕ್ಕ. ನಿಮ್ಮ ಶಿಷ್ಯನ ಪವಾಡ.”

ಪವಾಡ ಎಂಬ ಮಾತನ್ನು ಆ ಆಶ್ರಮದಲ್ಲಿ ಯಾರೂ ಆಡುವಂತಿರಲಿಲ್ಲ. ಅಕ್ಕ ಹನ್ನೆರಡು ದಿನ ಇಲ್ಲದಿದ್ದದ್ದಕ್ಕೆ ಶಿಸ್ತು ಇಷ್ಟು ಸಡಿಲವಾಗಿತ್ತು.

ಕೊಟ್ಟಿಗೆಯಲ್ಲಿ ಚಿಗರಿ ಎಂಬ ಆಕಳು ಗೂಟಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಸತ್ತ ಕರುವಿನ ತಾಯಿ ಅದೇ. ಅದರ ಎದುರಿಗೆ, ಒಂದು ಹಲಗೆಯ ಮೇಲೆ, ಕಂಬಳಿಯ ಮೈಯ ಕರುವೊಂದು ನಿಂತಿತ್ತು.

ಕಂಬಳಿಯ ಕರು ಕಿವಿ ಅಲುಗಿಸಿತು. ಬಾಲ ಬೀಸಿತು. ಕತ್ತು ತಿರುಗಿಸಿ ಆಕಳನ್ನು ನೋಡಿತು. ಬಾಯಿ ತೆರೆದು ಕೂಗಿತು.

ಪಕ್ಕದಲ್ಲಿ ಸೋಮಲಿಂಗ ಕೈಕಟ್ಟಿ ನಿಂತಿದ್ದ. ಆಶ್ರಮಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅದಕ್ಕೆ ಮೊದಲು ಅವನು ವಸ್ತುಪ್ರದರ್ಶನಗಳಿಗೆ ಸೊಂಡಿಲು ಆಡಿಸುವ ಆನೆ, ಗರ್ಜಿಸುವ ಹುಲಿ ಮುಂತಾದವನ್ನು ಮಾಡಿಕೊಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ವಿದ್ಯೆಯನ್ನು ಬಿಟ್ಟುಬಂದೆ ಎಂದು ಹೇಳಿಕೊಳ್ಳುತ್ತಿದ್ದ. ಬಿಟ್ಟುಬಂದವನ ಪೆಟ್ಟಿಗೆಯಲ್ಲಿ ಮೋಟಾರುಗಳು ಇನ್ನೂ ಇದ್ದವು.

“ಇದೇನು?” ಎಂದರು ಅಕ್ಕ.

“ಬಿದಿರಿನ ಚೌಕಟ್ಟು, ಅಕ್ಕ. ಕಿವಿಗೆ, ಬಾಲಕ್ಕೆ, ಕತ್ತಿಗೆ, ದವಡೆಗೆ ಒಂದೊಂದು ಪುಟ್ಟ ಮೋಟಾರು. ಹೊಟ್ಟೆಯೊಳಗೆ ಮೈಕ್ರೋಕಂಟ್ರೋಲರ್, ಬೆಂಕಿಪೊಟ್ಟಣದಷ್ಟು ಕೂಡ ಇಲ್ಲ. ಯಾವ ಮೋಟಾರು ಯಾವಾಗ ಎಷ್ಟು ತಿರುಗಬೇಕು, ಸ್ಪೀಕರು ಯಾವಾಗ ಕೂಗಬೇಕು, ಎಲ್ಲವನ್ನೂ ಅದಕ್ಕೆ ಬರೆದುಕೊಟ್ಟಿದ್ದೇನೆ. ಎದೆಯಲ್ಲೊಂದು ಸೆನ್ಸರ್ ಇದೆ. ಆಕಳು ಅಲುಗಿದರೆ ಅದಕ್ಕೆ ತಿಳಿಯುತ್ತದೆ. ಕೂಡಲೇ ತಿರುಗಿ ಕೂಗುತ್ತದೆ.”

“ಅಲುಗದಿದ್ದರೆ?”

“ಐದು ನಿಮಿಷಕ್ಕೊಮ್ಮೆ ತಾನಾಗಿ ಕೂಗುತ್ತದೆ. ಮರೆತುಬಿಡಬಾರದಲ್ಲ.”

“ಯಾರು?”

“ಆಕಳು, ಅಕ್ಕ. ತನಗೊಂದು ಕರು ಇದೆ ಎನ್ನುವುದನ್ನು.”

ಅಕ್ಕನ ಕೈಯ ಊರುಗೋಲು ಮಣ್ಣಿನ ನೆಲದೊಳಕ್ಕೆ ಅರ್ಧ ಬೆರಳು ಇಳಿಯಿತು.

ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ತಾಯಿಯ ಮುಂದೆ ನಿಲ್ಲಿಸುವುದು ಆ ಸೀಮೆಯ ರೂಢಿ. ಆಕಳು ಅದನ್ನು ನೆಕ್ಕುತ್ತದೆ, ತೊರೆ ಬಿಡುತ್ತದೆ, ಹಾಲು ಇಳಿಯುತ್ತದೆ. ಇಲ್ಲದಿದ್ದರೆ ಹಾಲು ಕೆಚ್ಚಲಲ್ಲೇ ನಿಂತು ಕಲ್ಲಾಗುತ್ತದೆ. ಊರಿಗೆ ಹೋಗುವ ಮುನ್ನ ಅಕ್ಕ ಅದನ್ನು ಬೇಡವೆಂದಿದ್ದರು. ಸತ್ತದ್ದರ ಚರ್ಮ ಸುಲಿದು ಅದರ ತಾಯಿಗೇ ತೋರಿಸುವ ಕೆಲಸ ತಮ್ಮ ಆಶ್ರಮದಲ್ಲಿ ನಡೆಯಕೂಡದು ಎಂದಿದ್ದರು.

“ನಾನು ಬೇಡವೆಂದು ಹೇಳಿ ಹೋಗಿದ್ದೆ, ಸೋಮಲಿಂಗ.”

“ನೀವು ಬೇಡವೆಂದದ್ದು ತೊಗಲು ಮತ್ತು ಹುಲ್ಲು. ಇದರಲ್ಲಿ ಎರಡೂ ಇಲ್ಲ, ಅಕ್ಕ.”

ಈ ಉತ್ತರವನ್ನು ಅವನು ಬಹಳ ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದನೆಂದು ಕಾಣುತ್ತದೆ. ತಡವರಿಸದೆ ಬಂತು.

“ಇಂಥ ಜಾಣತನವನ್ನು ನಾನು ನಿನಗೆ ಕಲಿಸಲಿಲ್ಲ,” ಎಂದರು ಅಕ್ಕ. “ಎಲ್ಲಿಂದ ತಂದೆ?”

ಬಸವಂತಯ್ಯ ನಡುವೆ ಬಾಯಿ ಹಾಕಿದರು. “ಅಕ್ಕ, ದಿನಕ್ಕೆ ಐದು ಲೀಟರು ಹಾಲು. ಈ ಕರು ಬಂದ ಒಂಬತ್ತು ದಿನದಲ್ಲಿ ನಮ್ಮ ವಿದ್ಯಾರ್ಥಿ ನಿಲಯದ ಮಕ್ಕಳಿಗೆ ಸಂಜೆಯ ಹಾಲು ಒಂದು ದಿನವೂ ತಪ್ಪಿಲ್ಲ. ಆಕಳೂ ಎಷ್ಟು ಶಾಂತವಾಗಿದೆ ನೋಡಿ. ಮೊದಮೊದಲು ಜಗ್ಗಾಡಿತು. ಈಗ ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತದೆ. ನಮ್ಮಲ್ಲಿ ಧ್ಯಾನಕ್ಕೆ ಕೂರುವವರೂ ಹೀಗೆ ಕೂರುವುದಿಲ್ಲ.”

ಅಕ್ಕ ಚಿಗರಿಯ ಬಳಿ ಹೋದರು. ಗೋದಲಿಯ ಮೇವು ಅರ್ಧಕ್ಕರ್ಧ ಹಾಗೇ ಇತ್ತು. ಕತ್ತಿನಲ್ಲಿ ಹಗ್ಗ ಉಜ್ಜಿದ ಕಡೆ ಕೂದಲು ಹೋಗಿ ಹಸಿ ಗಾಯವಾಗಿತ್ತು. ಗಾಯಕ್ಕೆ ಯಾರೋ ಅರಿಸಿನ ಹಚ್ಚಿದ್ದರು.

ಅಕ್ಕ ಕೈ ಚಾಚಿದ್ದಕ್ಕೆ ಆಕಳು ಒಂದು ಹೆಜ್ಜೆ ಅಲುಗಿತು. ಕೂಡಲೇ ಕಂಬಳಿಯ ಕರು ತಿರುಗಿ ಕೂಗಿತು.

ಚಿಗರಿ ಮೈಯೆಲ್ಲ ಬಿಗಿ ಹಿಡಿದು ಮುಂದಕ್ಕೆ ಜಗ್ಗಿತು. ಹಗ್ಗ ಕತ್ತಿಗೆ ಕಚ್ಚಿತು. ನಾಲಿಗೆ ಹೊರಗೆ ಬಂತು, ಉದ್ದಕ್ಕೆ ಚಾಚಿತು. ಕರುವಿಗೂ ನಾಲಿಗೆಗೂ ನಡುವೆ ಜಾಗ ಉಳಿಯಿತು.

ಅಕ್ಕ ಆ ಜಾಗದಲ್ಲಿ ತಮ್ಮ ಮೊಣಕೈಯಿಟ್ಟು ಅಳೆದರು. ಸರಿಯಾಗಿ ಒಂದು ಮೊಳ.

“ಇಷ್ಟು ದೂರ ಏಕೆ?”

“ಹತ್ತಿರವಿದ್ದರೆ ನೆಕ್ಕುತ್ತದೆ, ಅಕ್ಕ. ಒದ್ದೆಯಾದರೆ ಮೋಟಾರುಗಳು ಕೆಡುತ್ತವೆ.”

ಕೊಟ್ಟಿಗೆಯ ಮೂಲೆಯಲ್ಲಿ ಹಾಲು ಕರೆಯುವ ನಿಂಗವ್ವ ಚೊಂಬು ಹಿಡಿದು ಕೂತಿದ್ದಳು. ಒಂಬತ್ತು ದಿನ ಬಾಯಿ ಬಿಗಿಹಿಡಿದಿದ್ದವಳು ಈಗ ಬಿಟ್ಟಳು.

“ನಮ್ಮ ಹುಲ್ಲಿನ ಕರು ನಿಮಗ ಹೊಲಸು ಕಂಡಿತ್ರಿ, ಅಕ್ಕಾರ. ಆದ್ರ ನಾವು ನೆಕ್ಕಾಕರ ಬಿಡ್ತಿದ್ವಿ.”

ನಿಂಗವ್ವ ಅಷ್ಟಕ್ಕೇ ನಿಲ್ಲಿಸಲಿಲ್ಲ.

“ನೀವು ಅದು ಬ್ಯಾಡಂದ್ರಿ, ದೋಣಿ ಹತ್ತಿ ಹೋದ್ರಿ. ಇಂವ ಇದನ್ನ ತಂದಿಟ್ಟ, ನೋಡಿ ನಕ್ಕೋತ ಹೋದ. ಇಕೀ ಬಾಜೂ ಯಾರು ಕುಂತ್ರು? ಹೇಳ್ರಿ.”

ಬಸವಂತಯ್ಯ “ಏ ನಿಂಗವ್ವಾ!” ಎಂದು ಗದರಿದರು.

“ಗದರಬೇಡಿ,” ಎಂದರು ಅಕ್ಕ. “ಅವಳು ನನ್ನನ್ನು ಕೇಳುತ್ತಿದ್ದಾಳೆ. ಉತ್ತರ ನನ್ನ ಬಳಿ ಇಲ್ಲ.”

ಮತ್ತೆ ಶಿಷ್ಯನ ಕಡೆ ತಿರುಗಿದರು. “ಈ ಕೂಗು ಯಾರದು?”

“ಅದೇ ಕರುವಿನದು.” ಸೋಮಲಿಂಗನ ದನಿಯಲ್ಲಿ ಹೆಮ್ಮೆ ಇನ್ನೂ ಇತ್ತು. “ಬೇರೆ ಕರುವಿನ ದನಿಗೆ ಆಕಳು ಓಗೊಡುವುದಿಲ್ಲ. ನನ್ನ ಫೋನಿನಲ್ಲಿ ಇತ್ತು.”

“ಯಾವಾಗ ಹಿಡಿದದ್ದು?”

“ಅದು... ಕೊನೆಯ ದಿನ ಬೆಳಿಗ್ಗೆ.”

“ಏಕೆ?”

“ಪಶುವೈದ್ಯರಿಗೆ ಕಳಿಸಲು. ಉಸಿರು ಹೇಗಿದೆ ಕೇಳಿಸು ಎಂದಿದ್ದರು.”

“ಅಂದರೆ ಕರು ಆಗ ಸಂಕಟದಲ್ಲಿತ್ತು.”

“ಹೌದು.”

“ತಾಯಿಯನ್ನು ಕರೆಯುತ್ತಿತ್ತು.”

ಸೋಮಲಿಂಗ ತಲೆ ತಗ್ಗಿಸಿದ.

“ಆ ಕೂಗನ್ನು ಒಂಬತ್ತು ದಿನ ಆ ತಾಯಿಗೇ ಕೇಳಿಸಿದ್ದೀಯ. ಐದು ನಿಮಿಷಕ್ಕೊಮ್ಮೆ. ಮರೆಯಬಾರದೆಂದು!” ಅಕ್ಕನ ದನಿ ಎಂದೂ ಏರುತ್ತಿರಲಿಲ್ಲ. ಆಗ ಏರಿತು. “ಮೊದಲು ಅದರ ಬಾಯಿ ಮುಚ್ಚಿಸು!”

ಅವನು ಕಂಬಳಿಯ ಹೊಟ್ಟೆಯೊಳಗೆ ಕೈ ಹಾಕಿ ಗುಂಡಿ ಒತ್ತಿದ. ಕರುವಿನ ಕತ್ತು ಅರ್ಧ ತಿರುಗಿದಲ್ಲೇ ನಿಂತಿತು.

ಆದರೆ ಅವನು ಸೋತಿರಲಿಲ್ಲ. ಕೊಟ್ಟಿಗೆಯಿಂದ ಹೊರಬರುವಾಗ ಅಕ್ಕನ ಹಿಂದೆಯೇ ಬಂದ.

“ಅಕ್ಕ, ಕೆಚ್ಚಲು ಕಲ್ಲಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಕೀವು ತುಂಬುತ್ತಿತ್ತು. ಅದನ್ನು ಉಳಿಸಿದ್ದು ಇದೇ. ಇದು ಸುಳ್ಳೇ?”

“ಸುಳ್ಳಲ್ಲ.”

“ಮಕ್ಕಳಿಗೆ ಹಾಲು ಸಿಕ್ಕಿದ್ದು ಸುಳ್ಳೇ?”

“ಅದೂ ಸುಳ್ಳಲ್ಲ.”

“ಹಾಗಾದರೆ ತಪ್ಪಿರುವುದು ಆ ಒಂದು ಮೊಳದಲ್ಲಿ ಮಾತ್ರ. ಸರಿಮಾಡುತ್ತೇನೆ. ಮೈಗೆ ರಬ್ಬರಿನ ಹೊದಿಕೆ ಹೊಲಿಯುತ್ತೇನೆ. ನೆಕ್ಕಿದರೆ ತಿಳಿಯುವ ಹಾಗೆ ಇನ್ನೊಂದು ಸೆನ್ಸರ್ ಹಾಕಿದರೆ, ನೆಕ್ಕಿದಾಗ ಕಿವಿ ಆಡಿಸುತ್ತದೆ.”

“ಹಾಲು ಕುಡಿಯುತ್ತದೆಯೇ?”

“ಅದೂ ಮಾಡಬಹುದು. ಒಂದು ಪುಟ್ಟ ಪಂಪು...”

“ಸಾಕು!” ಎಂದರು ಅಕ್ಕ.

ಬಸವಂತಯ್ಯ ಮೆಲ್ಲನೆ ನೆನಪಿಸಿದರು. “ಅಕ್ಕ, ನಾಳೆ ಪೇಟೆಯಿಂದ ಡೈರಿಯವರು ಇಬ್ಬರು ಬರುತ್ತಾರೆ. ಅವರಲ್ಲಿ ನಲವತ್ತು ಆಕಳು. ಕರುಗಳನ್ನು ಹುಟ್ಟಿದ ವಾರಕ್ಕೇ ಬೇರೆ ಮಾಡುತ್ತಾರಂತೆ. ಇಂಥ ಹತ್ತು ಕರು ಬೇಕೆಂದಿದ್ದಾರೆ. ಸೋಮಲಿಂಗ ಮಾತು ಕೊಟ್ಟಿದ್ದಾನೆ.”

“ಬರಲಿ,” ಎಂದರು ಅಕ್ಕ.

ಮರುದಿನ ಬೆಳಿಗ್ಗೆ ಅಕ್ಕ ಕೊಟ್ಟಿಗೆಗೆ ಹೋಗಿ ಚಿಗರಿಯನ್ನು ಬಿಚ್ಚಿದರು. ನಿಂಗವ್ವ ಅದನ್ನು ಬೇವಿನ ತೋಪಿಗೆ ಹೊಡೆದುಕೊಂಡು ಹೋದಳು. ಹಗ್ಗ ಅಕ್ಕನ ಕೈಯಲ್ಲೇ ಉಳಿಯಿತು.

ಅದನ್ನು ಹಿಡಿದು ಅವರು ಊಟದ ಸಾಲೆಗೆ ಬಂದರು.

“ಸೋಮಲಿಂಗ, ಬಾ ಇಲ್ಲಿ.”

ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿದರು. ಇನ್ನೊಂದನ್ನು ಅವನ ಸೊಂಟಕ್ಕೆ ಸುತ್ತಿ ಗಂಟು ಹಾಕಿದರು. ಅವನ ಎದುರು ನುಚ್ಚಿನ ಪಾತ್ರೆ, ಕೈಗೊಂದು ಸೌಟು. ಅವನ ಸೌಟು ಎಲ್ಲಿಯವರೆಗೆ ನಿಲುಕುತ್ತದೆ ಎಂದು ನೋಡಿ, ಅಲ್ಲಿಂದ ಒಂದು ಮೊಳ ಆಚೆ ತಮ್ಮ ತಟ್ಟೆಯಿಟ್ಟು ಕೂತರು. ಅವನ ಕೈಗಡಿಯಾರವನ್ನು ಬಿಚ್ಚಿಸಿ ತಟ್ಟೆಯ ಪಕ್ಕ ಇಟ್ಟುಕೊಂಡರು.

“ಬಿಚ್ಚಿಕೊಳ್ಳಬೇಡ,” ಎಂದರು. “ನಾನು ನಿನ್ನೆ ಮಧ್ಯಾಹ್ನದಿಂದ ಊಟ ಮಾಡಿಲ್ಲ. ಬಡಿಸು.”

ಅವನು ಕೈ ಚಾಚಿದ.

“ಹಸಿವು,” ಎಂದರು ಅಕ್ಕ.

ಹಗ್ಗ ಜಗ್ಗಿತು. ಸೌಟು ನಿಲುಕಲಿಲ್ಲ.

“ಅಕ್ಕ, ತಟ್ಟೆ ಸ್ವಲ್ಪ ಈಚೆಗೆ...”

“ಹಸಿವು.”

ಅವನು ಮಂಡಿಯೂರಿ, ಮಲಗಿ, ತೋಳು ನೀಡಿದ. ನುಚ್ಚು ನೆಲಕ್ಕೆ ಬಿತ್ತು.

“ಹಸಿವು.” ಅದೇ ದನಿ, ಅಷ್ಟೇ ಉದ್ದ.

ಅವನಿಗೆ ನಗು ಬಂತು. ಗುರುಗಳು ಪಾಠ ಹೇಳುತ್ತಿದ್ದಾರೆ, ಅದು ತನಗೆ ತಿಳಿಯಿತು ಎಂದುಕೊಂಡ. “ತಿಳಿಯಿತು, ಅಕ್ಕ,” ಎಂದು ಕೈಮುಗಿದ.

“ಹಸಿವು,” ಎಂದರು ಅಕ್ಕ.

ತಿಳಿಯಿತು ಎಂದವನಿಗೆ ಬಿಡುಗಡೆ ಸಿಗಲಿಲ್ಲ. ಚಿಗರಿಗೂ ಯಾರೂ ತಿಳಿಯಿತೇ ಎಂದು ಕೇಳಿ ಬಿಟ್ಟಿರಲಿಲ್ಲ.

ಬಿಸಿಲು ಬಾಗಿಲಿನಿಂದ ಒಳಗೆ ಬಂದು ಸಾಲೆಯ ನಡುವಿಗೆ ತಲುಪಿತು. ನುಚ್ಚಿನ ಮೇಲೆ ಕೆನೆ ಕಟ್ಟಿತು. ಅಕ್ಕನಿಗೆ ಎಪ್ಪತ್ತಮೂರು ವರ್ಷ. ಬೆನ್ನು ನೆಟ್ಟಗಿತ್ತು, ತುಟಿ ಒಣಗಿತ್ತು.

ಸೋಮಲಿಂಗ ಕೈ ಎತ್ತಿದರೆ, “ಹಸಿವು.”

ಕಾಲು ಬದಲಿಸಿದರೆ, “ಹಸಿವು.”

ನೊಣ ಓಡಿಸಿದರೆ, “ಹಸಿವು.”

ಅವನು ಸುಮ್ಮನಾದ. ಉಸಿರನ್ನೂ ಮೆಲ್ಲಗೆ ಬಿಟ್ಟ. ಆಗ ಐದು ನಿಮಿಷ ಸಾಲೆ ನಿಶ್ಶಬ್ದವಾಯಿತು. ಐದು ನಿಮಿಷವಾದ ಮೇಲೆ ಅಕ್ಕ ಗಡಿಯಾರ ನೋಡಿ ಹೇಳಿದರು, “ಹಸಿವು.”

ಮತ್ತೆ ಅವನು ಅಲುಗಲಿಲ್ಲ. ಕಾಲು ಜೋಮು ಹಿಡಿಯಿತು. ಆದರೂ ಅಲುಗಲಿಲ್ಲ. ಅಲುಗಿದರೆ ಆ ಮಾತು ಮತ್ತೆ ಕೇಳಬೇಕಲ್ಲ.

ಹಾಗೆ ಕಲ್ಲಿನಂತೆ ಕೂತಿದ್ದಾಗಲೇ ಅವನ ಮುಖದ ಬಣ್ಣ ಹೋಯಿತು.

“ಅಕ್ಕ,” ಎಂದ. “ಅದು ಶಾಂತವಾಗಿರಲಿಲ್ಲ.”

“ಹಸಿವು.”

“ಅಲುಗಿದರೆ ಕರು ಅಳುತ್ತದೆ ಎಂದು ಅಲುಗದೆ ನಿಂತಿತ್ತು. ನಾನು... ನಾನು ಅದರ ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆ. ನೋಡಿ ಎಷ್ಟು ಶಾಂತವಾಗಿದೆ ಎಂದು ಬರೆದೆ.”

“ಹಸಿವು,” ಎಂದರು ಅಕ್ಕ. ಈ ಸಲ ದನಿ ಸ್ವಲ್ಪ ಇಳಿದಿತ್ತು. ಯಂತ್ರದ ದನಿ ಎಂದೂ ಇಳಿದಿರಲಿಲ್ಲ.

ಹನ್ನೊಂದು ಗಂಟೆಗೆ ಡೈರಿಯವರು ಬಂದರು. ಬಸವಂತಯ್ಯ ಅವರನ್ನು ಸಾಲೆಗೆ ಕರೆತಂದು, ಒಳಗಿನದನ್ನು ಕಂಡು, ಬಾಗಿಲಲ್ಲೇ ನಿಂತುಬಿಟ್ಟರು.

“ಏನಿದು ಸ್ವಾಮಿ, ಹುಡುಗನಿಗೆ ಶಿಕ್ಷೆಯಾ?” ಎಂದ ಅವರಲ್ಲಿ ಹಿರಿಯ, ದಪ್ಪ ಮೀಸೆಯವನು.

“ಇಲ್ಲ, ಇಲ್ಲ. ಏನೋ ಒಂದು ವ್ರತ,” ಎಂದರು ಬಸವಂತಯ್ಯ.

ಸೋಮಲಿಂಗ ತಿರುಗಿ ನೋಡಿದ.

“ಹಸಿವು,” ಎಂದರು ಅಕ್ಕ.

ಮೀಸೆಯವನು ಬೆಪ್ಪಾಗಿ ಇಬ್ಬರನ್ನೂ ನೋಡಿದ. “ಪಾಪ, ವಯಸ್ಸಾದವರು. ತಟ್ಟೆ ಒಂದು ಮೊಳ ಮುಂದೆ ಜರುಗಿಸಿದರೆ ಆಯ್ತಲ್ಲಪ್ಪ?”

“ಜರುಗುವುದಿಲ್ಲ,” ಎಂದ ಸೋಮಲಿಂಗ. “ನಾನು ಹಾಗೆ ಇಟ್ಟಿದ್ದೇನೆ.”

“ನೀನೇ ಇಟ್ಟದ್ದಾ? ಯಾಕೆ?”

“ಒದ್ದೆಯಾಗಬಾರದೆಂದು.”

ಮೀಸೆಯವನು ಬಸವಂತಯ್ಯನವರ ಕಿವಿಯಲ್ಲಿ, ಹುಡುಗನಿಗೆ ಬಿಸಿಲು ತಾಗಿರಬೇಕು ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೆಲಸದ ಮಾತು ತೆಗೆದ. “ಆ ಕರು ಎಲ್ಲಿದೆ? ನೋಡಿಬಿಡೋಣ. ಹತ್ತು ಬೇಕು. ಹಬ್ಬದೊಳಗೆ ಕೊಡಬೇಕು.”

ಬಸವಂತಯ್ಯ ಅಕ್ಕನ ಮುಖ ನೋಡಿದರು. ಅಕ್ಕ ಗಡಿಯಾರ ನೋಡುತ್ತಿದ್ದರು. ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ.

“ಕೊಡುವುದಿಲ್ಲ,” ಎಂದ ಸೋಮಲಿಂಗ.

“ಮಾತು ಕೊಟ್ಟಿದ್ದೆ!”

“ಕೊಟ್ಟಿದ್ದೆ. ತಪ್ಪಾಯಿತು. ನಿಮ್ಮಲ್ಲಿ ನಲವತ್ತು ತಾಯಂದಿರಿದ್ದಾರೆ. ಕರುಗಳನ್ನು ದೂರ ಮಾಡಿದ್ದು ಸಾಲದೆಂದು ಅವುಗಳ ಕೂಗನ್ನು ಹತ್ತಿರ ಇಡಬೇಡಿ. ಮರೆಯುವುದಾದರೆ ಮರೆಯಲಿ, ಬಿಡಿ.”

“ಎಂಥ ಮನುಷ್ಯನಯ್ಯಾ ನೀನು! ದನಕ್ಕೆ ಇಷ್ಟೆಲ್ಲ ತಿಳಿಯುತ್ತದಾ?”

“ಹಗ್ಗ ಕಟ್ಟಿಕೊಂಡು ಕೂತು ನೋಡಿ,” ಎಂದ ಸೋಮಲಿಂಗ. ಮಾತಿನ ಭರಕ್ಕೆ ಸೌಟು ಕೈಯಿಂದ ಜಾರಿತು.

“ಹಸಿವು,” ಎಂದರು ಅಕ್ಕ.

ಡೈರಿಯವರು ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಸಂಜೆಯವರೆಗೂ ಅಕ್ಕ ಏಳಲಿಲ್ಲ. ಬಿಸಿಲು ಎದುರಿನ ಗೋಡೆ ಹತ್ತಿತು. “ಹಸಿವು” ಎಂಬ ಮಾತು ಈಗ ತುಟಿಯಲ್ಲಷ್ಟೇ ಆಡುತ್ತಿತ್ತು. ಸೋಮಲಿಂಗನ ಸೊಂಟದಲ್ಲಿ ಅಂಗಿ ಹರಿದು ಹಗ್ಗದ ಗೆರೆ ಕೆಂಪಗೆ ಮೂಡಿತ್ತು.

“ಅಕ್ಕಾ, ನನ್ನನ್ನು ಬೈಯಿರಿ. ಆಶ್ರಮದಿಂದ ಕಳಿಸಿ. ಒಂದು ತುತ್ತು ತಿನ್ನಿ!” ಎಂದು ಅವನು ಕೂಗಿದ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಂಬವೇ ಕಿತ್ತುಬರುವಂತೆ ಜಗ್ಗಿದ. ಅವನ ಕಣ್ಣಲ್ಲಿ ನೀರಿತ್ತು.

ಆಗ ನಿಂಗವ್ವ ಬಾಗಿಲಿಗೆ ಬಂದಳು. “ಮಲಗ್ಯಾಳ ನೋಡ್ರಿ, ಅಕ್ಕಾರ. ಬೇವಿನ ಗಿಡದ ಬುಡಕ. ಇಷ್ಟು ದಿನದಾಗ ಇವತ್ತೇ ನೆಲಕ್ಕ ಮೈ ಚೆಲ್ಯಾಳ.”

ಅಕ್ಕ ಕಣ್ಣು ಮುಚ್ಚಿ ತೆರೆದರು. “ಗಂಟು ಬಿಚ್ಚಿಕೋ,” ಎಂದರು.

ಅವನು ಬಿಚ್ಚಿಕೊಂಡ. ಒಂದು ಮೊಳ ಮುಂದೆ ಬಂದು ತಟ್ಟೆಗೆ ಬಡಿಸಿದ.

ಅಕ್ಕ ಎರಡು ತುತ್ತು ತಿಂದರು.

“ಆರಿಹೋಗಿದೆ,” ಎಂದರು. “ಉಪ್ಪೂ ಕಡಿಮೆ.”

ನಂತರ ಮೆಲ್ಲನೆ ಹೇಳಿದರು. “ಇವತ್ತಿನ ಉಪವಾಸ ನಿನಗಾಗಿ ಅಂದುಕೊಳ್ಳಬೇಡ. ತೊಗಲು ಬೇಡವೆಂದೆ. ಅದರ ಬದಲು ಚಿಗರಿಗೆ ನಾನು ಕೊಟ್ಟದ್ದಾದರೂ ಏನು? ಬೇರೆಯವರ ಊರಿನಲ್ಲಿ ಕರುಣೆಯ ಮೇಲೆ ಹನ್ನೆರಡು ದಿನ ಪ್ರವಚನ ಕೊಟ್ಟು ಬಂದೆ.”

ಸೋಮಲಿಂಗ ಎದ್ದ. “ಆ ಕಂಬಳಿಯ ಕರುವನ್ನು ಈಗಲೇ ಹೊಳೆಗೆ ಎಸೆದು ಬರುತ್ತೇನೆ.”

“ಹೊಳೆ ನಿನಗೇನು ಮಾಡಿತ್ತು?”

“ಹಾಗಾದರೆ ಸುಡುತ್ತೇನೆ.”

“ನಿನ್ನ ನಾಚಿಕೆಗೆ ಕಂಬಳಿಯನ್ನೇಕೆ ಸುಡುತ್ತೀ? ಅದಕ್ಕೆ ಕರುವಿನ ವಾಸನೆಯಿದೆ. ಯಾವುದರಲ್ಲಿ ಹೊರಳಿಸಿದ್ದೆ?”

“ಕರು ಮಲಗುತ್ತಿದ್ದ ಹುಲ್ಲಿನಲ್ಲಿ. ವಾಸನೆ ಬರಲೆಂದು.”

“ಬಿಚ್ಚಿ ಅವಳ ಮುಂದೆ ಹಾಸು. ಮೋಟಾರುಗಳನ್ನು ಪೆಟ್ಟಿಗೆಯಲ್ಲಿಡು, ಮಕ್ಕಳಿಗೆ ಕಲಿಸುವೆಯಂತೆ. ವಿದ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಆ ಕೂಗನ್ನು ಮಾತ್ರ ಅಳಿಸು.”

ಅವನು ಅವರೆದುರೇ ಫೋನು ತೆಗೆದು ಅಳಿಸಿದ.

ಎರಡು ದಿನದಲ್ಲಿ ಹಾಲು ನಿಂತಿತು. ನಿಂಗವ್ವ ಬಿಸಿನೀರಿನ ಬಟ್ಟೆಯಿಂದ ಕೆಚ್ಚಲು ನೀವಿ, ಒತ್ತಿ, ಬಾವು ಏರದಂತೆ ಅಷ್ಟಿಷ್ಟು ಹಿಂಡುತ್ತಿದ್ದಳು. ಲೋಟ ತುಂಬುವಷ್ಟೂ ಬರುತ್ತಿರಲಿಲ್ಲ. ಬಸವಂತಯ್ಯ ಅಕ್ಕನ ಬಳಿ ಮೂರು ಸಲ ಬಂದು, ಮೂರು ಸಲವೂ ಮಕ್ಕಳ ಹೆಸರು ಹೇಳಿದರು.

“ಮಕ್ಕಳಿಗೆ ನಾನೇ ಹೇಳುತ್ತೇನೆ,” ಎಂದರು ಅಕ್ಕ.

ಸಂಜೆ ಮಕ್ಕಳು ಸಾಲಾಗಿ ಲೋಟ ಹಿಡಿದು ಕೂತರು. ಅಕ್ಕ ಪ್ರತಿಯೊಂದು ಲೋಟದ ಒಳಗನ್ನೂ ನೋಡಿ, ಸರಿಯಾಗಿ ತೊಳೆಯದ ಎರಡನ್ನು ವಾಪಸು ಕಳಿಸಿ, ಆಮೇಲೆ ಮಾತನಾಡಿದರು.

“ಇವತ್ತಿನಿಂದ ಹಾಲಿಲ್ಲ. ಅಂಬಲಿ. ಚಿಗರಿಯ ಕರು ಸತ್ತಿದೆ.”

ಕೊನೆಯಲ್ಲಿ ಕೂತಿದ್ದ ಹುಡುಗಿ ಕೇಳಿದಳು. “ಮತ್ತೆ ದಿನಾ ಕೂಗುತ್ತಿತ್ತಲ್ಲ, ಅಕ್ಕ?”

ಅಕ್ಕ ಸೋಮಲಿಂಗನ ಕಡೆ ನೋಡಿದರು. ಮಕ್ಕಳೆಲ್ಲ ಅತ್ತ ತಿರುಗಿದರು.

“ಅದು ನಾನು,” ಎಂದ ಸೋಮಲಿಂಗ.

ಅಷ್ಟು ಹೇಳುವುದಕ್ಕೆ ಅವನಿಗೆ ಡೈರಿಯವರನ್ನು ವಾಪಸು ಕಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮಕ್ಕಳು ಅಂಬಲಿ ಕುಡಿದರು. ಅವನು ಅಕ್ಕನ ಬಳಿ ಬಂದು ನಿಂತ. “ನಾನೀಗ ಏನು ಮಾಡಲಿ?”

“ಅವಳ ಹತ್ತಿರ ಕೂರು.”

“ಕೂತು?”

“ಕೂರು.”

“ಎಷ್ಟು ದಿನ, ಅಕ್ಕ?”

“ಐದು ನಿಮಿಷಕ್ಕೊಮ್ಮೆ ಬಂದು ಕೇಳಬೇಡ.”

ಅವನು ಕೊಟ್ಟಿಗೆಯಲ್ಲಿ ಕೂತ. ಚಿಗರಿ ಕೊಂಬು ಬೀಸಿತು. ಅವನನ್ನು ಅದು ಮರೆತಿರಲಿಲ್ಲ. ಅವನು ಗೋಡೆಗೆ ಒರಗಿ, ಕೊಂಬು ತಾಗದಷ್ಟು ದೂರದಲ್ಲಿ ಕಾಲು ಮಡಚಿ ಕೂತ. ಬೆಳಿಗ್ಗೆ ಹಾಲು ಕರೆಯುವ ಹೊತ್ತು, ಸಂಜೆ ಹಾಲು ಕರೆಯುವ ಹೊತ್ತು. ಆಕಳು ಕಂಬಳಿಯನ್ನು ಮೂಸುತ್ತಿತ್ತು, ಅವನ ಕಡೆ ನೋಡುತ್ತಿರಲಿಲ್ಲ.

ಮೂರನೆಯ ದಿನ ನಿಂಗವ್ವನಿಗೆ ತಡೆಯಲಾಗಲಿಲ್ಲ.

“ಯಾಕೋ ತಮ್ಮಾ, ಅಷ್ಟು ದೂರ? ನಿನ್ನ ಹೊಟ್ಟ್ಯಾಗೂ ಮೋಟಾರು ಅದಾವೇನು, ಒದ್ದಿ ಆಗ್ತಾವಂತ?”

ಸೋಮಲಿಂಗನ ಕಿವಿ ಬಿಸಿಯಾಯಿತು. ಅವನು ಕೂತಲ್ಲಿಂದಲೇ ಮುಂದಕ್ಕೆ ಸರಿದ. ಇನ್ನೂ ಸ್ವಲ್ಪ ಸರಿದ. ಕಂಬಳಿಯ ಅಂಚಿನ ಮೇಲೆ, ಆಕಳ ಮೂತಿಯ ಕೆಳಗೆ ಕೂತ. ಕೊಂಬು ಒಮ್ಮೆ ಅವನ ಭುಜಕ್ಕೆ ಬಡಿಯಿತು. ಅವನು ಏಳಲಿಲ್ಲ.

ಆಕಳ ಕತ್ತಿನ ಗಾಯಕ್ಕೆ ಎಣ್ಣೆ ಹಚ್ಚಿ ಸುಮ್ಮನೆ ಕೂತ. ಮರುದಿನವೂ ಕೂತ. ಅದರ ಮರುದಿನವೂ.

ಆರನೆಯ ಬೆಳಿಗ್ಗೆ ಚಿಗರಿ ಕತ್ತು ಇಳಿಸಿ ಅವನನ್ನು ಮೂಸಿತು. ಬಿಸಿಯುಸಿರು ಅವನ ಕುತ್ತಿಗೆಗೆ ತಾಗಿತು. ಆಮೇಲೆ ಒರಟು ನಾಲಿಗೆ. ಭುಜ, ಕಿವಿ, ತಲೆಗೂದಲು, ಮತ್ತೆ ಭುಜ. ಅವಸರವಿಲ್ಲದೆ, ಒಂದು ಕೆಲಸವೆಂಬಂತೆ, ಬಹಳ ಹೊತ್ತು ನೆಕ್ಕಿತು. ಅವನ ಅಂಗಿ ತೊಯ್ದು ಮೈಗೆ ಅಂಟಿತು.

ಕೆಳಗೆ ಕೂತಿದ್ದ ನಿಂಗವ್ವ ಕೆಚ್ಚಲಿಗೆ ಕೈ ಹಾಕಿದಳು. ಚೊಂಬಿನ ತಳದಲ್ಲಿ ಹಾಲಿನ ಧಾರೆಯ ಸದ್ದು ಕೇಳಿಸಿತು.

“ತೊರಿ ಬಿಟ್ಟಾಳ!” ಎಂದಳು ಪಿಸುದನಿಯಲ್ಲಿ. “ಅಲುಗಬ್ಯಾಡ... ಇಲ್ಲಪ್ಪ, ಅಲುಗು ಬೇಕಾದ್ರ. ಏನೂ ಆಗೂದಿಲ್ಲ.”

ಅರ್ಧ ಚೊಂಬು ಬಂತು.

ಸೋಮಲಿಂಗ ಹಾಗೇ ಒದ್ದೆ ಅಂಗಿಯಲ್ಲಿ ಹೊಳೆಯ ಮೆಟ್ಟಿಲಿಗೆ ಓಡಿದ. ಅಕ್ಕ ಅಲ್ಲಿ ಕೂತು ತಮ್ಮ ಸೀರೆಯ ಅಂಚು ಹೊಲಿಯುತ್ತಿದ್ದರು. ಅವನ ಮುಖ ನೋಡಿ ಸೂಜಿ ನಿಲ್ಲಿಸಿದರು.

“ಅಕ್ಕ, ಅವಳು ತೊರೆ ಬಿಟ್ಟಳು. ನನ್ನನ್ನು ನೆಕ್ಕಿದಳು.” ಉಸಿರು ತಿರುಗಿಸಿಕೊಂಡು ಕೇಳಿದ. “ಅವಳು ನನ್ನನ್ನು ತನ್ನ ಕರು ಎಂದುಕೊಂಡಳೇ?”

ಅಕ್ಕನಿಗೆ ಸಿಟ್ಟು ಬಂತು. “ನಾಲ್ಕು ವರ್ಷ ಕಲಿತು ಕೇಳುವ ಪ್ರಶ್ನೆ ಇದೇ? ನಿನಗೆ ಬಾಲವಿದೆಯೇ?”

“ಇಲ್ಲ, ಅಕ್ಕ.”

“ಅವಳು ಕುರುಡಿಯೇ?”

“ಅಲ್ಲ.”

“ಕರು ಸತ್ತದ್ದು ನಮ್ಮೆಲ್ಲರಿಗಿಂತ ಮೊದಲು ಗೊತ್ತಾದದ್ದು ಯಾರಿಗೆ?”

“ಅವಳಿಗೆ.”

“ಮತ್ತೆ?”

ಅವನ ಭುಜದಿಂದ ಜೊಲ್ಲು ತೊಟ್ಟಿಕ್ಕುತ್ತಿತ್ತು.

“ಹಾಗಾದರೆ ಏಕೆ ನೆಕ್ಕಿದಳು, ಅಕ್ಕ?”

ಅಕ್ಕ ಅವನ ಅಂಗಿಯನ್ನು ನೋಡಿದರು. ಮತ್ತೆ ಸೂಜಿ ಎತ್ತಿಕೊಂಡರು.

“ಅವಳ ನಾಲಿಗೆಗೆ ನೀನು ನಿಲುಕಿದೆ.”